ಮೀನಿನ ಕಣದಲ್ಲಿ ಒಂದು ಹಗಲು

ಪುಕ್ಕಟೆ ಬಸ್ಸು, ಪುಕ್ಕಟೆ ಊಟ, ಸಮುದ್ರದ ದಂಡೆಯ ಪ್ಲಾಟು ತೋರಿಸುತ್ತೇನೆ ಎಂದು ದಲ್ಲಾಳಿಯೊಬ್ಬ ತಾರ್ನಾಕದ ನಮ್ಮ ಓಣಿಯವರನ್ನು ಕರೆದ. ಹೈಟೆಕ್ ಸಿಟಿ ಎದ್ದ ಮೇಲೆ ಹೈದರಾಬಾದಿನಲ್ಲಿ ಪ್ಲಾಟಿನ ಹುಚ್ಚು ಹಿಡಿಯದವರು ಯಾರಿದ್ದರು? ಸನತ್‌ನಗರದ ಕಾರ್ಖಾನೆಯಿಂದ ಆಗಷ್ಟೇ ನಿವೃತ್ತರಾಗಿದ್ದ ನನ್ನ ಯಜಮಾನರು ಶರಣಪ್ಪ, ಬಂದ ಹಣವನ್ನೆಲ್ಲ ಅದಕ್ಕೇ ಸುರಿಯುವುದೆಂದು ಹಟ ಹಿಡಿದು ಕೂತರು. ನನಗೆ ಪ್ಲಾಟು ಬೇಕಿರಲಿಲ್ಲ. ತಲೆ ನರೆತರೂ ಸಮುದ್ರ ಕಂಡಿರಲಿಲ್ಲ, ಅದಕ್ಕೆ ಹೊರಟೆ.

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟುವುದು ಕಂಡು ಅವರು ಸಿಡುಕಿದರು. "ಅವ್ರು ಊಟಾ ಕೊಡ್ತಾರ, ಬುತ್ತಿ ಯಾಕ?"

"ಮಂದಿ ಅನ್ನಾ ಉಂಡು ಹೂಂ ಹೂಂ ಅನ್ನಾಕ ನಾ ಬರಾಕತ್ತಿಲ್ಲ. ನೀವೂ ಇದನ್ನ ತಿನ್ರಿ," ಅಂದೆ.

ಯುಗಾದಿಗೆ ಒಂದು ವಾರವಿತ್ತು. ಸಂಜೆ ಹೊರಟ ಬಸ್ಸು ಸೂರ್ಯಾಪೇಟೆಯಲ್ಲಿ ಚಹಾಕ್ಕೆ ನಿಂತು, ಗುಂಟೂರು, ಬಾಪಟ್ಲ ದಾಟಿ ಬೆಳಗಿಗೆ ಊರು ಮುಟ್ಟಿತು. ಊರಿನ ಹೆಸರು ಮಾತ್ರ ನಾನು ಹೇಳುವುದಿಲ್ಲ. ಹೇಳಿದರೆ ಇನ್ನೊಬ್ಬ ದಲ್ಲಾಳಿ ಅಲ್ಲಿಗೆ ಬಸ್ಸು ಬಿಡುತ್ತಾನೆ. ಅಬ್ಬಾ, ಆ ಹವಾ! ಕುಂತಲ್ಲೇ ಬೆವರು. ನಮ್ಮಲ್ಲಿ ತಿಂಗಳುಗಟ್ಟಲೆ ಕಟಕಟ ಎನ್ನುವ ರೊಟ್ಟಿ ಅಲ್ಲಿ ಇಳಿಯುವುದರೊಳಗೆ ಮೆತ್ತಗಾಗಿ ಕೈಯಲ್ಲಿ ಜೋಲು ಬಿತ್ತು.

"ಇಲ್ಲಿ ಸದ್ಯಕ್ಕೆ ಏನೂ ಇಲ್ಲಮ್ಮಾ, ಮುಂದೆ ರೆಸಾರ್ಟು, ಕ್ಲಬ್ಬು ಎಲ್ಲ ಬರುತ್ತೆ" ಎಂದ ದಲ್ಲಾಳಿ. ಏನೂ ಇಲ್ಲವಂತೆ! ನಾನು ಕಂಡದ್ದು ಹೇಳುತ್ತೇನೆ, ಕೇಳಿ. ಊರಿಗಿದ್ದದ್ದು ಒಂದೇ ಬೀದಿ. ಗಂಗಮ್ಮನ ಗುಡಿ, ಅದರೆದುರಿಗೇ ಸಣ್ಣ ಚರ್ಚು. ಐಸ್ ಕಾರ್ಖಾನೆಯ ಬಾಗಿಲಲ್ಲಿ ಸೈಕಲ್ಲುಗಳ ಸಾಲು. ನಮ್ಮ ದುಡ್ಡಿಗೆ ಹೋಟೆಲಿನಾಕೆ ಮಾಡಿಕೊಟ್ಟ ಹೆಸರುಕಾಳಿನ ದೋಸೆ, ಕಣ್ಣಲ್ಲಿ ನೀರು ಬರಿಸುವ ಶುಂಠಿ ಚಟ್ನಿ. ಗಾಳಿಮರದ ತೋಪು ದಾಟಿದರೆ ಸಮುದ್ರ. ದೋಣಿ ಬಂದು ನಿಂತೊಡನೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸರು ಕೂಗಿ ಕೂಗಿ ಹರಾಜಿನಲ್ಲಿ ಮೀನು ಹಿಡಿಯುತ್ತಿದ್ದರು, ಗಂಡಸರು ಬಾಯಿ ಮುಚ್ಚಿಕೊಂಡು ಬಲೆ ಮಡಿಸುತ್ತಿದ್ದರು. ನನಗೆ ಭಾಳ ಖುಷಿಯಾಯಿತು.

ತೋಪಿನ ಆಚೆ ಸಪಾಟು ಮರಳಿನಲ್ಲಿ ಹಳೆ ಬಲೆ ಹಾಸಿ ಬೆರಳುದ್ದದ ಮೀನು ಒಣಹಾಕಿದ್ದರು. ನಾವು ಮೀನು ತಿನ್ನುವವರಲ್ಲ. ವಾಸನೆಗೆ ಬಸ್ಸಿನವರೆಲ್ಲ ಮೂಗು ಮುಚ್ಚಿದ್ದರು. ಆದರೆ ಹರವಿದ ರೀತಿ, ಕಾಗೆ ಓಡಿಸುತ್ತ ಕೂತ ಮುದುಕಿ, ಎಲ್ಲ ನಮ್ಮ ಲಿಂಗಸೂಗೂರು ಸೀಮೆಯ ಜೋಳದ ಕಣದಂತೆಯೇ ಇತ್ತು. ರಾಶಿ ಇರುವ ಕಣಕ್ಕೆ ನಮ್ಮವರು ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ನನಗೆ ಗೊತ್ತಿಲ್ಲದೆಯೇ ಚಪ್ಪಲಿ ಕಳೆದು ಒಳಗೆ ಕಾಲಿಟ್ಟೆ.

ಮುದುಕಿಯ ಹೆಸರು ಪೋಲಮ್ಮ. "ಚಪ್ಪಲಿ ಯಾಕೆ ಬಿಟ್ಟೆ?" ಎಂದು ತೆಲುಗಿನಲ್ಲಿ ಕೇಳಿದಳು. ಹೇಳಿದೆ. ಅವಳು ಮರಳಿನ ಮೇಲಿನ ಸುಣ್ಣದ ಗೆರೆ ತೋರಿಸಿದಳು. "ನಮ್ಮತ್ತೆಯೂ ಇಲ್ಲೇ ಒಣಗಿಸುತ್ತಿದ್ದಳು. ನಿನ್ನೆ ಪ್ಲಾಟಿನವರು ಗೆರೆ ಹಾಕಿ, ಇನ್ನು ಮೇಲೆ ಬರಬೇಡ ಅಂದರು. ಇದನ್ನು ಬಿಟ್ಟರೆ ಕೇರಿಗೆ ಬೇರೆ ಜಾಗವಿಲ್ಲ." ಮೆತ್ತಗಾದ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಅಷ್ಟರಲ್ಲಿ ದಲ್ಲಾಳಿ ಯಜಮಾನರನ್ನು ಕರೆತಂದ. "ಸಾರ್, ಇದೇ ನಿಮ್ಮ ಪ್ಲಾಟು. ನಡುವೆ ನಿಲ್ಲಿ, ಫೋಟೋ ತೆಗೆಯೋಣ. ಆಮೇಲೆ ಸಹಿ." ಅವನ ಆಳು ಪೊರಕೆಯಿಂದ ಮೀನನ್ನು ಬದಿಗೆ ಗುಡಿಸತೊಡಗಿದ.

ನಾನು ಎದ್ದು ಬಲೆಯ ಮೇಲೆ ನಿಂತೆ. "ರೀ, ಇದು ಕಣ ಐತಿ. ಬೂಟು ಹಾಕ್ಕೊಂಡು ಎಲ್ಲಿ ನಿಂತೀರಿ, ಸ್ವಲ್ಪ ನೋಡ್ರಿ."

ಅವರು ಕೆಳಗೆ ನೋಡಿದರು. ಕಾರ್ಖಾನೆಯವರು ಬೀಳ್ಕೊಡುವಾಗ ಕೊಟ್ಟ ಹೊಸ ಬೂಟಿನ ಕೆಳಗೆ ನಾಲ್ಕು ಮೀನು ಪುಡಿಯಾಗಿದ್ದವು. ಬಗ್ಗಿ, ಲೇಸು ಬಿಚ್ಚಿ, ಬೂಟು ಕೈಯಲ್ಲಿ ಹಿಡಿದರು. ದಲ್ಲಾಳಿ ಪೆನ್ನು ಚಾಚಿದ.

"ಕಣಾ ಕೊಂಡಾವ ಅಂತ ನಮ್ಮೂರಾಗ ಹ್ಯಾಂಗ ಮುಖಾ ತೋರಸ್ಲಿ? ಬ್ಯಾಡ್ರಿ," ಎಂದು ನಮ್ಮ ಮಾತಿನಲ್ಲೇ ಹೇಳಿದರು. ದಲ್ಲಾಳಿಗೆ ತಿಳಿಯದ್ದರಿಂದ ಅದನ್ನೇ ತೆಲುಗಿನಲ್ಲೂ ಹೇಳಿದರು.

"ಹಾಗಾದರೆ ನಿಮಗೆ ಬಸ್ಸಿನಲ್ಲಿ ಜಾಗವಿಲ್ಲ."

"ಬ್ಯಾಡ ಹೋಗಪ್ಪಾ! ನಿಮ್ಮ ಒಂದಗಳು ಅನ್ನ ಉಂಡಿಲ್ಲ ನಾವು," ಅಂದೆ ನಾನು.

ಪೋಲಮ್ಮ ರಸ್ತೆಯ ತನಕ ಬಂದು ಕೆಂಪು ಬಸ್ಸು ಹತ್ತಿಸಿದಳು. ಬಾಪಟ್ಲದಿಂದ ರೈಲಿನ ಜನರಲ್ ಬೋಗಿಯಲ್ಲಿ ಸಿಕಂದರಾಬಾದಿನ ತನಕ ನಿಂತೇ ಬಂದೆವು. ನಮ್ಮ ಸೀರೆ, ಅಂಗಿಯ ಮೀನಿನ ವಾಸನೆಗೆ ಜನ ಸರಿದು ಗಾಳಿಗೆ ಜಾಗ ಬಿಟ್ಟರು. ಆ ಹಗಲು ನಮ್ಮ ಓಣಿಯ ಉಳಿದವರು ಸಹಿ ಹಾಕಿದರಂತೆ. ಕಣ ಉಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಹೆಸರಿಗಂತೂ ಅದು ಬರಲಿಲ್ಲ.

ಈಗಲೂ ಓಣಿಯವರು ಕೆಣಕುತ್ತಾರೆ. "ಶರಣಪ್ಪನೋರ, ಸಮುದ್ರದ ದಂಡಿಗೆ ನಿಮ್ಮದೇನೂ ಇಲ್ಲೇನ್ರಿ?"

"ನಮ್ದೇನೂ ಇಲ್ರಿ, ಪೋಲಮ್ಮನ ಕಣ ಐತಿ," ಎನ್ನುತ್ತಾರೆ ಇವರು. "ಹೋದ್ರ ಕಾಲಾಗಿನ ಚಪ್ಪಲಿ ಬಿಟ್ಟು ಹೋಗ್ರಿ."