ಕೊಕ್ಕೆಯಿಂದ ಇಳಿಸಿದ ಲೋಟ

ನಿಮ್ಮ ಸಂಸಾರವನ್ನು ಮುರಿದ ಮಾತು ನನ್ನ ಬಾಯಿಂದ ಹೊರಟದ್ದು, ನೀಲಮ್ಮ. ಮನೆಯ ಒಳಗಿನ ಸಂಗತಿಯನ್ನು ನಿಮ್ಮ ಅಣ್ಣ ವೀರಭದ್ರಪ್ಪನವರ ಕಿವಿಗೆ ಹಾಕಿದವರು ಯಾರೆಂದು ನೀವು ವರ್ಷಗಟ್ಟಲೆ ಕೇಳಿದಿರಿ. ನಿಮ್ಮ ಗಂಡ ಷಡಕ್ಷರಿ ಹಾಗೆ ಕೇಳುತ್ತ ಅಲೆಯಲಿಲ್ಲ — ಏಕೆಂಬುದನ್ನು ಮುಂದೆ ಹೇಳುತ್ತೇನೆ, ನನ್ನ ಪಾಪದ ಹೆಚ್ಚಿನ ಪಾಲು ಅಲ್ಲಿದೆ. ಹೇಳಿದವನು ನಾನು. ನೀವು ‘ಅಣ್ಣಾರ’ ಎಂದು ಕರೆದು, ಮಂಡಕ್ಕಿಯ ತಟ್ಟೆಯನ್ನು ಯಾರ ಮುಂದೆ ಮೊದಲು ಇಡುತ್ತಿದ್ದಿರೋ, ಆ ಮುರಿಗೆಪ್ಪ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕ್ರಮವಾಗಿ ಹೇಳದಿದ್ದರೆ ನಡುವೆ ಎಲ್ಲೋ ನುಣುಚಿಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ. ನನಗಾದ ಅವಮಾನಗಳನ್ನು ನಾನು ಮರೆತವನಲ್ಲ. ಯಾವ ಮದುವೆಯಲ್ಲಿ ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದರು, ಗಿರಣಿಯ ಆಫೀಸಿನಲ್ಲಿ ನಾನು ನಿಂತಿರುವಾಗ ಯಾರು ಕುರ್ಚಿ ಎಳೆದುಕೊಂಡು ಕುಳಿತರು, ಯಾವ ನೆಂಟ ನನ್ನ ಹೆಸರಿನ ಮುಂದೆ ಶ್ರೀ ಹಾಕದೆ ಲಗ್ನಪತ್ರಿಕೆ ಕಳಿಸಿದ — ಇಂದಿಗೂ ಹೇಳಬಲ್ಲೆ, ಹೇಳುವಾಗ ಇಂದಿಗೂ ಮೈ ಉರಿಯುತ್ತದೆ. ಇಂಥ ನೆನಪಿನವನು ತಾನು ಮಾಡಿದ್ದೊಂದನ್ನು ಮಾತ್ರ... ಮರೆಯಲಿಲ್ಲ, ಮರೆತವನಂತೆ ಬದುಕಿದೆ.

ಷಡಕ್ಷರಿಯೂ ನಾನೂ ದಾವಣಗೆರೆಯಲ್ಲಿ ಒಂದೇ ಶಾಲೆಗೆ ಹೋದವರು, ಒಂದೇ ಹತ್ತಿ ಗಿರಣಿಗೆ ಸೇರಿದವರು. ನಾನು ಆಫೀಸಿಗೆ, ಅವನು ನೂಲುವ ವಿಭಾಗಕ್ಕೆ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಗಿರಣಿಯವರು ಅವನನ್ನು ತರಬೇತಿಗೆಂದು ಲ್ಯಾಂಕಾಶೈರಿಗೆ ಕಳಿಸಿದರು. ನನ್ನನ್ನು ಕಳಿಸಲಿಲ್ಲ. ಮರಳಿ ಬಂದವನ ಪೆಟ್ಟಿಗೆಯಲ್ಲಿ ಸೀಮೆಯ ಕೋಟಾಗಲಿ ಗಡಿಯಾರವಾಗಲಿ ಇರಲಿಲ್ಲ. ಹಿಡಿಯುಳ್ಳ, ಮಂಕು ಬಣ್ಣದ ಎರಡು ತವರದ ಲೋಟಗಳಿದ್ದವು. ಒಂದರ ತಳದಲ್ಲಿ ಅವನ ಹೆಸರಿನ ಮೊದಲ ಅಕ್ಷರ ಕೊರೆಸಿದ್ದ, ಇನ್ನೊಂದರಲ್ಲಿ ನನ್ನದು.

ಅವನು ಅಲ್ಲಿ ಸಂಜೆ ಹೊತ್ತು ಕುಳಿತಿರುತ್ತಿದ್ದ ಪಬ್ಬನ್ನು ನಾನು ಕಂಡವನಲ್ಲ. ಆದರೂ ಈಗ ಕಣ್ಣು ಮುಚ್ಚಿದರೆ ನಾನು ಹುಟ್ಟಿದ ಮನೆಗಿಂತ ಅದೇ ಸ್ಪಷ್ಟವಾಗಿ ಕಾಣುತ್ತದೆ. ತಗ್ಗು ಮಾಡು, ಕಲ್ಲಿದ್ದಲ ಬೆಂಕಿ, ಬೆಂಚಿನ ಕೆಳಗೆ ಮಲಗಿದ ಯಾರದೋ ನಾಯಿ. ನೆಲಮಾಳಿಗೆಯ ಪೀಪಾಯಿಯಿಂದ ಏಲ್ ಎಂಬ ಬಿಯರನ್ನು ಮರದ ಹಿಡಿಕೆ ಎಳೆದು ಮೇಲೆತ್ತುವ ದಪ್ಪ ಹೆಂಗಸು. ಮಗ್ಗಗಳ ಸದ್ದಿನಲ್ಲಿ ಕಿವಿ ಮಂದವಾದ ನೇಕಾರರು ಅಲ್ಲಿಯೂ ತುಟಿ ಆಡಿಸಿಯೇ ಮಾತಾಡುತ್ತಿದ್ದರಂತೆ, ಥೇಟು ನಮ್ಮ ಗಿರಣಿಯವರ ಹಾಗೆ. ಅದನ್ನು ಕಂಡ ದಿನ ತನಗೆ ಪರದೇಶದ ಭಯ ಹೋಯಿತೆಂದು ಅವನು ಹೇಳುತ್ತಿದ್ದ. ಗೋಡೆಯ ತುಂಬ ಸಾಲಾಗಿ ಕೊಕ್ಕೆಗಳು, ಕೊಕ್ಕೆಗೊಂದು ಲೋಟ, ಲೋಟಕ್ಕೊಬ್ಬ ಒಡೆಯ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು — ನಮ್ಮ ಮನೆಯಲ್ಲಿ ನನ್ನ ತಂದೆಯ ಚೊಂಬನ್ನು ಮತ್ತೊಬ್ಬರು ಕಚ್ಚಿ ಕುಡಿದರೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬೆಂಕಿಗೆ ತೋರಿಸಿ, ಆಮೇಲೆ ಒಳಗಿಡುತ್ತಿದ್ದರು. ಬಿಳಿಯರಲ್ಲಿಯೂ ಇಂಥ ಮಡಿಯಿದೆಯಲ್ಲ ಎಂದು ನನಗೆ ಸಂತೋಷವಾಯಿತು. ಅರ್ಧ ಕೇಳಿ ಪೂರ್ಣ ತಿಳಿದೆನೆಂದುಕೊಂಡೆ.

ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧವಿತ್ತು. ಪಿ.ಜೆ. ಬಡಾವಣೆಯ ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಷಡಕ್ಷರಿ ಎರಡು ಕೊಕ್ಕೆ ಹೊಡೆದು ಲೋಟಗಳನ್ನು ತೂಗುಹಾಕಿದ. ಲೋಟಕ್ಕೆ ಹಾಕುವುದೇನು? ಉತ್ತರ ನಿಮ್ಮ ಅಡಿಗೆಮನೆಯಲ್ಲಿತ್ತು. ಅಂಬಲಿ ಹಿಟ್ಟಿಗೆ ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟುವ ಹಾಗೆಯೇ ನೀವು ಜವೆಗೋಧಿಯನ್ನು ಕಟ್ಟಿದಿರಿ, ಮಾಳಿಗೆಯ ಮೇಲೆ ಒಣಗಿಸಿದಿರಿ, ಒಂದು ಪಾಲನ್ನು ಕಬ್ಬಿಣದ ಬಾಣಲೆಯಲ್ಲಿ ಕಾಫಿಬೀಜದ ಬಣ್ಣ ಬರುವವರೆಗೂ ಹುರಿದಿರಿ. ಹರಿಹರದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ವಿಲ್ಕಿನ್ಸ್ ಎಂಬ ಇಂಗ್ಲಿಷಿನವನು ತನ್ನ ಊರಿನಿಂದ ಬಿಯರಿಗೆ ಹಾಕುವ ಕಹಿಹೂವಿನ ಒಣ ಎಸಳು ತರಿಸಿಕೊಡುತ್ತಿದ್ದ. ಹುದುಗು ಬರಿಸುವ ಈಸ್ಟು ಹಳೇ ಪೇಟೆಯ ಸಾಹೇಬರ ಬೇಕರಿಯದು. ಉಪ್ಪಿನಕಾಯಿ ಜಾಡಿಗಳಲ್ಲಿ ಹುದುಗಿ ಇಳಿದ, ಸ್ಟೌಟ್ ಎಂಬ ಆ ಕಪ್ಪು ಬಿಯರಿಗೆ ಸುಟ್ಟ ರೊಟ್ಟಿಯಂಚಿನ ವಾಸನೆ, ಕಾಕಂಬಿಯ ಹಿಂದೆ ಬರುವ ಕಹಿ. ಮೊದಲ ಗುಟುಕಿಗೆ ಷಡಕ್ಷರಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನೀವು ಬಾಗಿಲಲ್ಲಿ ನಿಂತು, “ಈ ಕಷಾಯ ಕುಡಿಯಾಕೆ ಹಡಗು ಹತ್ತಿ ಹೋಗಬೇಕಿತ್ತೇನ್ರಿ? ನಮ್ಮವ್ವ ಕೆಮ್ಮಿಗೆ ಇದನ್ನೇ ಕಾಸಾಕಿ,” ಎಂದಿರಿ. ಎಷ್ಟು ನಕ್ಕೆವು.

ಜವೆಗೋಧಿಯನ್ನು ಹರಿಹರದ ಸಂತೆಯಿಂದ ತಂದುಕೊಡುತ್ತಿದ್ದವರು ನಿಮ್ಮ ಅಣ್ಣ. ನಿಮ್ಮ ತವರೂರು ಸಾರಥಿಯಲ್ಲಿ ಶೇಂದಿ ಅಂಗಡಿಯ ಮುಂದೆ ಉಪವಾಸ ಕುಳಿತು ಅದನ್ನು ಮುಚ್ಚಿಸಿದ್ದ ಖಾದಿಯ ಮನುಷ್ಯ, ಭಾವನ ಹೊಟ್ಟೆನೋವಿಗೆ ಅಂಬಲಿ ಮಾಡಲೆಂದು ತಂಗಿ ಹೇಳಿದ್ದನ್ನು ನಂಬಿ, ಚೀಲ ಹೊತ್ತು ಬಸ್ಸು ಹತ್ತುತ್ತಿದ್ದರು. ಆ ಸುಳ್ಳನ್ನು ನೀವು ನಮ್ಮಿಬ್ಬರ ಮುಂದೆ ಹೇಳಿಕೊಂಡು, ಸೆರಗು ಬಾಯಿಗಿಟ್ಟು ನಕ್ಕಿದ್ದಿರಿ. ಆ ಗುಟ್ಟಿಗೆ ಮೂವರೇ ಪಾಲುದಾರರು.

ಈಗ ಆ ಭಾನುವಾರದ ಮಾತು. ಮಧ್ಯಾಹ್ನ ನಾನು ಬರುವುದು ತಡವಾಯಿತು. ಒಳಗೆ ಬಂದಾಗ ನನ್ನ ಕೊಕ್ಕೆ ಬರಿದಾಗಿತ್ತು. ನನ್ನ ಜಾಗದಲ್ಲಿ ವಿಲ್ಕಿನ್ಸ್ ಕುಳಿತಿದ್ದ, ನನ್ನ ಲೋಟ ಅವನ ತುಟಿಯಲ್ಲಿತ್ತು. ಷಡಕ್ಷರಿ ಏಳಲಿಲ್ಲ, ಕ್ಷಮಿಸೆನ್ನಲಿಲ್ಲ. ಬಾ ಎಂಬಂತೆ ಕಣ್ಣು ಮಾತ್ರ ಮಾಡಿದ. ನೀವು, “ಇವತ್ತೊಂದಿನ ಸ್ಟೀಲಿನ ಲೋಟದಾಗೆ ಕುಡೀರಿ ಅಣ್ಣಾರ,” ಎಂದು ಮುಂದಿಟ್ಟಿರಿ. ನಾನು ಕುಡಿಯಲಿಲ್ಲ. ಸೀಮೆಗೆ ಕಳಿಸಲು ಯೋಗ್ಯನಲ್ಲದವನು, ಸೀಮೆಯವನು ಬಂದೊಡನೆ ತನ್ನ ಲೋಟಕ್ಕೂ ಯೋಗ್ಯನಲ್ಲ — ಹೀಗೆ ನನಗೆ ಅರ್ಥವಾಯಿತು. ಎಂಜಲಾದ ಲೋಟ ಮರಳಿ ನನ್ನ ಕೊಕ್ಕೆಗೆ ಹೋಗುವುದನ್ನು ನೋಡಿ ಎದ್ದು ಬಂದೆ. ಆ ದೊರೆಯ ಕಣ್ಣು ಕೆಂಪಾಗಿದ್ದುದನ್ನು ಕಂಡಿದ್ದೆ, ಅಮಲಿರಬೇಕೆಂದುಕೊಂಡೆ.

ಆ ವಾರದ ಸಂತೆಯ ದಿನ ಗಿರಣಿಯ ಕೆಲಸಕ್ಕೆ ಹರಿಹರಕ್ಕೆ ಹೋಗಿದ್ದೆ. ನಿಮ್ಮ ಅಣ್ಣ ಧಾನ್ಯದ ಸಾಲಿನಲ್ಲಿ ಜವೆಗೋಧಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತ ನಿಂತಿದ್ದರು. ತಂಗಿಯ ಮನೆಗೆ ಒಳ್ಳೆಯದನ್ನೇ ಆರಿಸಬೇಕೆಂಬ ಆಸೆ ಆ ಮುಖದಲ್ಲಿತ್ತು. ನನ್ನನ್ನು ಕಂಡು, “ನಮ್ಮ ನೀಲಿ ಹೆಂಗವಳ್ರಿ? ಭಾವನ ಹೊಟ್ಟೆ ಈಗ ಆರಾಮೈತಾ?” ಎಂದರು. ಆರಾಮ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಹೋಗಿಯೂ ಇದ್ದೆ, ನೀಲಮ್ಮ. ಹೋದವನು ತಿರುಗಿ ಬಂದೆ. ಸಿಟ್ಟಿನಲ್ಲಿ ಬಾಯಿ ತಪ್ಪಿತೆಂದು ಹೇಳಲಾರೆ. ಮಾತನ್ನು ಆರಿಸಿ, ತೂಗಿ, ಆಡಿದೆ.

“ನಿಮ್ಮ ತಂಗಿ ಮನ್ಯಾಗೆ ಮೊಳಕೆ ಕಟ್ಟೋದು ಅಂಬಲಿಗಲ್ರಿ.”

ಮಿಕ್ಕದ್ದನ್ನು ಅವರೇ ಕೇಳಿದರು, ನಾನು ಹೇಳಿದೆ. ನನ್ನ ಹೆಸರು ಎಲ್ಲಿಯೂ ಬರಬಾರದೆಂದು ಮಾತು ತೆಗೆದುಕೊಂಡೆ. ಕೊಟ್ಟ ಮಾತನ್ನು ಅವರು ಸಾಯುವವರೆಗೂ ನಡೆಸಿದರು. ಅವರ ಆ ದೊಡ್ಡತನವನ್ನೇ ನಾನು ಅಡಗುವ ಜಾಗ ಮಾಡಿಕೊಂಡೆ.

ಮರುದಿನ ಅವರು ನಿಮ್ಮ ಮನೆಗೆ ಬಂದು, ಹೊಸ್ತಿಲು ದಾಟದೆ, ಹೊರಡು ಎಂದದ್ದಷ್ಟೇ. ನಾಲ್ಕು ದಿನದ ಮಾತೆಂದು ನೀವು ಹೊರಟಿರಿ. ಒದ್ದೆ ಬಟ್ಟೆಯ ಗಂಟು ಅಡಿಗೆಮನೆಯ ಗೂಟದಲ್ಲಿ ತೂಗುತ್ತಲೇ ಇತ್ತು. ಅದು ಹುಳಿತು ನಾರುವವರೆಗೂ ಷಡಕ್ಷರಿ ಬಿಚ್ಚಲಿಲ್ಲ. ಸಾರಥಿಗೆ ಬಂದು ಹಿರಿಯರೆದುರು ಇನ್ನು ಕುಡಿಯೆನೆಂದು ಲಿಂಗ ಮುಟ್ಟಿ ಆಣೆ ಮಾಡಿ ಹೆಂಡತಿಯನ್ನು ಕರೆದೊಯ್ಯಲೆಂದು ನಿಮ್ಮ ಅಣ್ಣ ಹೇಳಿಕಳಿಸಿದ್ದರು. ಅವನು ಸಿದ್ಧನಿದ್ದ. ಜಾಡಿಗಳನ್ನು ತಾನೇ ಹಿತ್ತಲಲ್ಲಿ ಒಡೆದುಹಾಕಿದ್ದ. ಆದರೆ ಅಂಬಲಿಯ ಸುಳ್ಳು ಅಣ್ಣನಿಗೆ ತಿಳಿದದ್ದು ಹೇಗೆಂಬ ಮುಳ್ಳು ಒಳಗೆ ಆಡುತ್ತಿತ್ತು. ಅವನ ಎಣಿಕೆಯಲ್ಲಿ ನಾನು ಬರಲೇ ಇಲ್ಲ. ಹೀಗಾಗಿ ಉಳಿದವರು ನೀವೊಬ್ಬರೇ.

ನೀವು ನನ್ನ ಕೈಯಲ್ಲೇ ಹೇಳಿಕಳಿಸಿದಿರಿ — ‘ನಾನು ಹೇಳಿಲ್ಲ, ಬಸವಣ್ಣನಾಣೆ ಹೇಳಿಲ್ಲ, ನಂಬಿದೀನಿ ಅಂತ ಒಂದು ಮಾತು ಅಂದ್ರೆ ಈಗಲೇ ಬರ್ತೀನಿ.’ ಅದನ್ನು ಒಂದಕ್ಷರ ಬಿಡದೆ ಅವನಿಗೆ ಒಪ್ಪಿಸಿದೆ. ಅಷ್ಟು ಪ್ರಾಮಾಣಿಕ ನಾನು! ಅವನು ಬರಿಯ ಕೋಣೆಯಲ್ಲಿ ಕುಳಿತು ಕೇಳಿದ:

“ನೀನು ಹೇಳಲೇ ಮುರಿಗಿ. ಅವಳಲ್ಲದೆ ಇನ್ಯಾರು ಹೇಳ್ಯಾರು?”

ನಾನು ನೆಲ ನೋಡಿದೆ. ಅವನು ಕಾದ. ಆ ಮೌನವನ್ನು ಅವನು ಸ್ನೇಹಿತನೊಬ್ಬನ ಸಂಕೋಚವೆಂದು ತಿಳಿದ — ಇವನಿಗೆ ಗೊತ್ತಿದೆ, ಹೇಳಲಾರ, ಪಾಪ. ನನ್ನ ಹೆಗಲು ಮುಟ್ಟಿ, “ಆತು ಬಿಡು,” ಎಂದ. ಅಂದಿನಿಂದ ನಿಮ್ಮ ಹೆಸರೆತ್ತಲಿಲ್ಲ. ನೀವು ಅವನ ಒಂದು ಮಾತಿಗೆ ಕಾದಿರಿ, ಅವನು ನಿಮ್ಮ ತಪ್ಪೊಪ್ಪಿಗೆಗೆ ಕಾದ. ಇಬ್ಬರ ನಡುವೆ ಓಡಾಡಿದವನು ನಾನು.

ಅವನು ದಾವಣಗೆರೆಯ ಮನೆ ಬಿಟ್ಟು ಹರಿಹರದಲ್ಲಿ ಬೇರೆ ಕೆಲಸ ಹಿಡಿದ. ಹೊಳೆಯ ಹತ್ತಿರದ ಬಾಡಿಗೆ ಕೋಣೆಯಲ್ಲಿ ಮತ್ತೆ ಎರಡು ಕೊಕ್ಕೆ, ಎರಡು ಲೋಟ. ಲೋಟಗಳಲ್ಲಿ ನೀರು ಕುಡಿಯುತ್ತಿದ್ದೆವು. ಅರವತ್ತರ ದಶಕ ಮುಗಿಯುತ್ತ ಬಂದಾಗ ಪಾನನಿರೋಧ ಹೋಯಿತು, ಅಂಗಡಿಗಳು ತೆರೆದವು. ಅಷ್ಟರಲ್ಲಿ ಅವನ ಪುಪ್ಪುಸಗಳಲ್ಲಿ ಹತ್ತಿಯ ಧೂಳು ಕೂತು ಬಹಳ ಕಾಲವಾಗಿತ್ತು. ಒಂದು ಸಂಜೆ ನಾನು ಸೀಮೆಯ ಸ್ಟೌಟಿನ ಒಂದು ಸೀಸೆ ಒಯ್ದೆ. ಹಾಸಿಗೆಯಲ್ಲೇ ಒರಗಿ ತುಟಿ ಒದ್ದೆ ಮಾಡಿಕೊಂಡ. ನೀಲಾ ಹುರಿದ ಹಾಗೆ ಯಾರೂ ಹುರಿಯಲಾರರು ಎಂದ. ವರ್ಷಗಳ ಮೇಲೆ ಅವನ ಬಾಯಲ್ಲಿ ನಿಮ್ಮ ಹೆಸರು. ಆಮೇಲೆ ನನ್ನ ಲೋಟದ ಕಡೆ ನೋಡಿ, ಸ್ವಲ್ಪ ನಕ್ಕು:

“ಅವತ್ತು ಇದನ್ನ ವಿಲ್ಕಿನ್ಸಿಗೆ ಕೊಟ್ಟಿದ್ದಕ್ಕೆ ಮುಖ ಊದಿಸ್ಕಂಡು ಹೋದೆಲ್ಲೋ. ಅವನ ಅಣ್ಣ ತೀರ್ಕಂಡ ಸುದ್ದಿ ಬಂದಿತ್ತು ಅವತ್ತು. ನಮ್ಮ ಪಬ್ಬಿನಾಗೆ ದುಃಖದಾಗಿರೋನಿಗೆ ಅಂಗಡಿ ಲೋಟದಾಗೆ ಕೊಡ್ತಿರಲಿಲ್ಲ. ಯಾರದಾದ್ರೂ ಸ್ವಂತದ್ದು ಇಳಿಸಿ ಕೊಡೋರು. ಯಾರನ್ನ ಕೇಳೋದು ಬ್ಯಾಡವೋ, ಅಂಥವನ್ದು. ನಂಗೆ ಅಂಥವನು ನೀನೊಬ್ಬನೇ ಅಲ್ಲೇನಲೇ?”

ಆಗ ಹೇಳಬೇಕಿತ್ತು. ಅವನಿಗೆ ಉಸಿರಿತ್ತು, ಸಾರಥಿ ದೂರವಿರಲಿಲ್ಲ, ಬೆಳಗಾಗುವುದರೊಳಗೆ ನೀವು ಬಂದು ಸೇರಬಹುದಿತ್ತು. ನಾನು ಸೀಸೆಯ ಬಿರಡೆ ಹಾಕಿದೆ. ಹೊದಿಕೆ ಸರಿಮಾಡಿದೆ. ನಾಳೆ ಎಂದುಕೊಂಡೆ — ಆ ನಾಳೆ ಅವನಿಗೆ ಮಾತಿರಲಿಲ್ಲ, ಅದರ ಮರುದಿನ ಅವನೇ ಇರಲಿಲ್ಲ.

ಮಣ್ಣಿಗೆ ನೀವು ಬಂದಿರಿ. ಎಲ್ಲರೂ ಚದುರಿದ ಮೇಲೆ ನನ್ನ ಹತ್ತಿರ ಬಂದು, ತಲೆಯ ಮೇಲಿನ ಸೆರಗು ಸರಿಸದೆ ಕೇಳಿದಿರಿ. “ಕೊನೀಗಾದ್ರೂ ನನ್ನ ಮಾತು ನಂಬಿದ್ರೇನ್ರಿ ಅಣ್ಣಾರ, ಅವರು?”

ನಂಬಿದ್ದ ಎಂದೆ.

ನೀವು ಕೈಮುಗಿದಿರಿ — ನನಗೆ! ಆ ಒಂದು ಮಾತಿನ ಮೇಲೆ ನೀವು ಇಷ್ಟು ವರ್ಷ ತಲೆಯೆತ್ತಿ ಬಾಳಿದ್ದೀರೆಂದು ಬಲ್ಲೆ. ಸುಳ್ಳದು. ಅವನು ನಂಬಿರಲಿಲ್ಲ. ನಂಬಲು ಬೇಕಾದ ಒಂದೇ ಮಾತು ನನ್ನಲ್ಲಿತ್ತು, ಅದನ್ನು ನಾನು ಕೊಡಲಿಲ್ಲ.

ಈಗ ಎರಡೂ ಲೋಟಗಳು ನನ್ನ ಮನೆಯ ಗೋಡೆಯಲ್ಲಿವೆ. ಭಾನುವಾರದ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಅಂಗಡಿಯಿಂದ ತಂದ ಕಪ್ಪು ಬಿಯರನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿಕೊಳ್ಳುತ್ತೇನೆ. ಅಂದು ನೀವು ಕೊಟ್ಟದ್ದನ್ನು ಇಂದು ಕುಡಿಯುತ್ತಿದ್ದೇನೆ. ನೊರೆ ಇಳಿಯುವವರೆಗೂ ಆ ಕಾಣದ ಪಬ್ಬಿನಲ್ಲಿ ಅವನ ಪಕ್ಕದ ಬೆಂಚಿನ ಮೇಲಿರುತ್ತೇನೆ. ಅಲ್ಲಿಯವರು ತುಟಿ ಆಡಿಸುತ್ತಾರೆ. ಏನೆನ್ನುತ್ತಾರೆಂದು ನನಗೆ ತಿಳಿಯುವುದಿಲ್ಲ. ಅವನು ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳುತ್ತಾನೆ, ನಾನು ಅಲ್ಲಿಯೂ ನೆಲ ನೋಡುತ್ತೇನೆ.

ನಿಮ್ಮ ಕಣ್ಣು ಮಂಜಾಗಿದೆಯೆಂದು ಕೇಳಿದೆ. ಇದನ್ನು ಬೇರೆ ಯಾರಿಂದಲೂ ಓದಿಸಬಾರದು. ನಾನೇ ಸಾರಥಿಗೆ ಬಂದು, ನಿಮ್ಮೆದುರು ನಿಂತು, ಗಟ್ಟಿಯಾಗಿ ಓದುತ್ತೇನೆ. ಅವನ ಲೋಟವನ್ನು ತಂದು ನಿಮ್ಮ ಕೈಗೆ ಕೊಡುತ್ತೇನೆ. ನನ್ನದನ್ನು ತರುವುದಿಲ್ಲ.

ಬಂದವರಿಗೆ ಮೊದಲು ನೀರು ಕೊಡುವುದು ನಿಮ್ಮ ಮನೆಯ ಪದ್ಧತಿ. ಈ ಸಲ ಕೊಡಬೇಡಿ, ನೀಲಮ್ಮ. ನಾನು ಓದಿ ಮುಗಿಸುವವರೆಗೂ.