ಚಿಕ್ಕಮ್ಮನನ್ನು ಕರೆಸಿಕೊಂಡ ವರ್ಷ

ನನ್ನ ಅಮ್ಮನ ತಂಗಿ ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಹೋದವಳು. ಮಾಮೂಲ್‌ಪೇಟೆಗೆ ಬಟ್ಟೆ ಖರೀದಿಗೆಂದು ಬರುತ್ತಿದ್ದ ಕೊಲಂಬೋದ ತಮಿಳು ವ್ಯಾಪಾರಿಯೊಬ್ಬನನ್ನು ರಿಜಿಸ್ಟರ್ ಮದುವೆಯಾಗಿ, ಅವನ ಜೊತೆ ಸಮುದ್ರ ದಾಟಿ, ಅಲ್ಲಿಯ ಪ್ರಜೆಯೇ ಆಗಿಬಿಟ್ಟಳು. ಅಂದಿನಿಂದ ಚಾಮರಾಜಪೇಟೆಯ ಮನೆಯಲ್ಲಿ ಅಜ್ಜಿ ಯಾರು ಕೇಳಿದರೂ ತನಗೆ ಎರಡೇ ಮಕ್ಕಳು ಎನ್ನುತ್ತಿದ್ದಳು. ಒಬ್ಬಳು ನನ್ನ ಅಮ್ಮ, ಇನ್ನೊಬ್ಬ ಅವಳ ಜೊತೆಗೇ ಇದ್ದುಕೊಂಡು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟಿರುವ ಮಾವ.

ಅಮ್ಮ ತೀರಿಕೊಂಡಾಗ ಚಿಕ್ಕಮ್ಮನ ನಂಬರ್ ಹುಡುಕಿ ಸುದ್ದಿ ಮುಟ್ಟಿಸಿದವಳು ನಾನು. ಆಮೇಲೆ ನಾವಿಬ್ಬರೂ ಆಗಾಗ ಮಾತಾಡತೊಡಗಿದೆವು. ಅಷ್ಟರಲ್ಲಿ ಅವಳ ಗಂಡನೂ ಹೋಗಿದ್ದ. ಮಕ್ಕಳಿರಲಿಲ್ಲ. ಆ ದೇಶದ ಪರಿಸ್ಥಿತಿ ಕೆಟ್ಟು, ಗ್ಯಾಸಿಗೆ, ಸಕ್ಕರೆ ಕಾಯಿಲೆಯ ಮಾತ್ರೆಗೆ ಕ್ಯೂ ನಿಲ್ಲುವ ಕಾಲ ಬಂದಾಗ ಅವಳು ಮೊದಲ ಸಲ ಬಾಯಿ ಬಿಟ್ಟು ಕೇಳಿದಳು. "ಅಲ್ಲಿಗೆ ಬಂದ್ಬಿಡ್ಲಾ ಪುಟ್ಟಿ? ಒಂದು ರೂಮ್ ಸಿಕ್ರೆ ಸಾಕು ನಂಗೆ."

ನಾನು ಬಸವನಗುಡಿಯ ಒಂದು ಶಾಲೆಯಲ್ಲಿ ಟೀಚರ್. ವೀಸಾ, ವಿದೇಶಿಯರ ನೋಂದಣಿ ಇವೆಲ್ಲ ನನಗೇನು ಗೊತ್ತು? ಆದರೂ ಕೇಳಿ ತಿಳಿದುಕೊಂಡೆ. ಮೊದಲು ಸಣ್ಣ ಅವಧಿಯ ವೀಸಾದಲ್ಲಿ ಬರಬೇಕು, ಬಂದಮೇಲೆ ಇಲ್ಲೇ ಇರುವುದಕ್ಕೆ ಅರ್ಜಿ ಹಾಕಬೇಕು, ಇಲ್ಲಿ ಹುಟ್ಟಿದವಳೆಂದು ಹೆತ್ತವರು ಹೇಳಿಬಿಟ್ಟರೆ ಕೆಲಸ ಸಲೀಸು ಎಂದರು. ಹೇಳಬೇಕಾದವಳು ಅಜ್ಜಿ. ನಾನು ಹೆದರಿಕೊಂಡೇ ಅವಳ ಮುಂದೆ ವಿಷಯ ಎತ್ತಿದೆ. ಅಜ್ಜಿ ಹಣೆಯ ಮೇಲಿನ ವಿಭೂತಿಯನ್ನು ಬೆರಳಲ್ಲಿ ಸರಿಮಾಡಿಕೊಂಡು, "ಕರೆಸು," ಎಂದಳು. "ನಮ್ಮನೆಗೇ ಬರ್ಲಿ. ನಿನ್ನ ಬಾಡಿಗೆ ಮನೇಲಿ ಯಾಕೆ?"

ದಾರಿಯುದ್ದಕ್ಕೂ ಅಳುತ್ತಲೇ ಮನೆಗೆ ಬಂದೆ. ಸಂತೋಷಕ್ಕೆ. ಅಮ್ಮ ಇದ್ದಿದ್ದರೆ ಎಂದು ಗಂಡನ ಹತ್ತಿರ ಹತ್ತು ಸಲ ಹೇಳಿರಬೇಕು.

ಚಿಕ್ಕಮ್ಮ ಡಿಸೆಂಬರಿನಲ್ಲಿ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಅಜ್ಜಿ ದಿವಾನದ ಮೇಲಿಂದಲೇ, "ಬಾ ಒಳಗೆ. ಬಿಸಿಲು ಬರ್ತಿದೆ, ಬಾಗ್ಲು ಹಾಕು," ಎಂದಳು. ಅಷ್ಟೇ. ಹೇಗಿದ್ದೀಯ ಎನ್ನಲಿಲ್ಲ. ಚಿಕ್ಕಮ್ಮ ಬಾಗಿಲು ಹಾಕಿದಳು.

ಅಜ್ಜಿ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. "ಏ ಕೊಲಂಬೋ, ನೀರು ತಾ." "ಕೊಲಂಬೋಗೆ ಬಡಿಸಿ ಆಯ್ತಾ?" ಮಾವನ ಮೊಮ್ಮಕ್ಕಳು ನಕ್ಕು ನಕ್ಕು ಅದೇ ಹೆಸರು ಕಲಿತರು. ಅವಳ ತಟ್ಟೆ ಲೋಟ ಬೇರೆ. ಅದನ್ನು ಅವಳೇ ತೊಳೆದು, ಅಡುಗೆಮನೆಯ ಹೊರಗಿನ ಕಿಟಕಿಯಲ್ಲಿ ಇಡಬೇಕು. ಎರಡೇ ವಾರದಲ್ಲಿ ಪಾತ್ರೆ ಕೆಲಸದವಳನ್ನು ಬಿಡಿಸಿದರು. ಮಾವನ ಹೆಂಡತಿ, ನನ್ನ ಅತ್ತೆ, ನನ್ನ ಮುಖ ನೋಡದೆ, "ಅವರಿಗೂ ಹೊತ್ತು ಹೋಗ್ಬೇಕಲ್ಲ," ಎಂದರು.

"ನಮ್ಮನೆಗೆ ಬಂದ್ಬಿಡು ಚಿಕ್ಕಮ್ಮ," ಎಂದೆ.

"ಸುಮ್ನಿರೇ. ಬೈಯೋದೂ ಮಾತಾಡಿಸೋದೇ ಅಲ್ವಾ? ಇಷ್ಟು ವರ್ಷ ಅದೂ ಇರ್ಲಿಲ್ಲ."

ಅವರೆಕಾಯಿ ಕಾಲ ಅದು. ಒಂದು ಶನಿವಾರ ಶಾಲೆ ಮುಗಿಸಿ ಹೋದಾಗ ಅಜ್ಜಿಯೂ ಚಿಕ್ಕಮ್ಮನೂ ನಡುವೆ ಪಾತ್ರೆ ಇಟ್ಟುಕೊಂಡು ನೆನೆಸಿದ ಕಾಳು ಹಿತುಕುತ್ತಿದ್ದರು. ನಾನೂ ಕೂತೆ. ಬೇಳೆ ಚಿಮ್ಮಿ ಅಜ್ಜಿಯ ಕನ್ನಡಕಕ್ಕೆ ತಗುಲಿದಾಗ ಚಿಕ್ಕಮ್ಮ ತನ್ನ ಸೆರಗಿನಲ್ಲಿ ಅದನ್ನು ಒರೆಸಿಕೊಟ್ಟಳು. ಅಜ್ಜಿ ಬೇಡ ಎನ್ನಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ನನಗೆ ಅನ್ನಿಸಿದ್ದು ಆಗಲೇ. ಚಿಕ್ಕಮ್ಮ ಕಾಫಿ ಮಾಡುತ್ತೇನೆಂದು ಎದ್ದು ಒಳಗೆ ಹೋದಳು.

ಅಷ್ಟರಲ್ಲಿ ನಾವು ಹಾಕಿದ್ದ ಅರ್ಜಿಯ ವಿಚಾರಣೆಗೆ ಪೊಲೀಸಿನವರೊಬ್ಬರು ಬಂದರು. ವಯಸ್ಸಾದ, ಸಾಧು ಮನುಷ್ಯ. ಹೊರಗೇ ಶೂ ಬಿಚ್ಚಿಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತರು. ಚಿಕ್ಕಮ್ಮನ ಫೋಟೋ ತೋರಿಸಿ, "ಅಜ್ಜಿ, ಇವರು ನಿಮ್ಮ ಮಗಳಾ?" ಎಂದು ಕೇಳಿದರು. ಬರೀ ಶಾಸ್ತ್ರಕ್ಕೆ ಕೇಳಿದ್ದು. ಪೆನ್ನು ಆಗಲೇ ಕಾಗದದ ಮೇಲಿತ್ತು.

ಅಜ್ಜಿ ಕೈಯಲ್ಲಿದ್ದ ಕಾಳನ್ನು ಹಿತುಕಿ, ಸಿಪ್ಪೆ ಬೇರೆ ಹಾಕಿ, "ಅಲ್ಲ," ಎಂದಳು. "ನಂಗೆ ಎರಡೇ ಮಕ್ಕಳು. ಒಬ್ಬಳು ಹೋದ್ಲು. ಮಗ ಅಂಗ್ಡೀಲಿದಾನೆ."

"ಮತ್ತೆ ಇವರು?"

"ಯಾರೋ, ಹೊರದೇಶದೋಳು. ಮನೆಕೆಲಸ ಮಾಡ್ಕೊಂಡಿದಾಳೆ."

"ಸಾರ್, ಸುಳ್ಳು! ಇವರು ನಮ್ಮಮ್ಮನ ಸ್ವಂತ ತಂಗಿ ಸಾರ್," ಎಂದು ಎದ್ದು ನಿಂತೆ. ಅವರು ನನ್ನನ್ನೂ ಅಜ್ಜಿಯನ್ನೂ ನೋಡಿದರು. "ಹೆತ್ತೋರೇ ಅಲ್ಲ ಅಂತಿದಾರಲ್ಲಮ್ಮ. ನಾನೇನು ಬರ್ಕೊಳ್ಲಿ?"

ಚಿಕ್ಕಮ್ಮ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು. ಮೆಲ್ಲಗೆ ಬಂದು ಅವರ ಮುಂದೆ ಲೋಟ ಇಟ್ಟಳು. "ನೀವೇ ಹೇಳಿಮ್ಮ, ನೀವು ಯಾರು?" ಎಂದು ಅವರು ಕೇಳಿದರು.

ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿಯೂ ಅವಳನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

"ಅಮ್ಮ ಹೇಳಿದ ಹಾಗೇ ಬರ್ಕೊಳ್ಳಿ," ಎಂದಳು ಚಿಕ್ಕಮ್ಮ.

ಮನೆಯೊಡತಿಯನ್ನು ಕೆಲಸದವಳು ಅಮ್ಮ ಎಂದಳೆಂದೇ ಅವರು ತಿಳಿದುಕೊಂಡರು. ಬರೆದುಕೊಂಡು, ಕಾಫಿ ಮುಟ್ಟದೆ ಹೊರಟುಹೋದರು.

ಅರ್ಜಿ ಬಿದ್ದುಹೋಯಿತು. ವೀಸಾ ಮುಗಿಯುವುದರೊಳಗೆ ದೇಶ ಬಿಡಬೇಕೆಂದು ಹೇಳಿಕಳಿಸಿದರು. ಮಾವನ ಅಂಗಡಿಗೆ ಓಡಿದೆ. ಅವನು ಗಿರಾಕಿಗಳಿಗೆ ಕಾರ್ಡಿನ ಮಾದರಿ ತೋರಿಸುತ್ತಲೇ, "ಅಮ್ಮ ಹೇಳಿದ್ಮೇಲೆ ನಾನೇನ್ ಹೇಳ್ಲಿ? ನಾನು ಆ ಮನೇಲಿ ಇರ್ಬೇಕು ಕಣೇ," ಎಂದ. ಅಲ್ಲಿಂದ ಅಜ್ಜಿಯ ಹತ್ತಿರ ಬಂದೆ. ಸ್ಟೇಷನ್ನಿಗೆ ಬಂದು ಒಂದು ಮಾತು ಹೇಳು ಎಂದು ಕಾಲು ಹಿಡಿದೆ.

"ಬೇಡ ಅನ್ನೋ ಹಾಗಿದ್ರೆ ಕರೆಸು ಅಂತ ಯಾಕೆ ಹೇಳ್ದೆ ಅಜ್ಜಿ?"

"ನಿಮ್ಮ ತಾತ ಅವಳ ದಾರಿ ಕಾಯ್ತಾ ಆ ಬಾಗ್ಲಲ್ಲಿ ಕೂತು ಕೂತೇ ಸತ್ರು," ಎಂದಳು ಅಜ್ಜಿ. ಧ್ವನಿ ಏರಲಿಲ್ಲ. "ಬರಬೇಡ ಅಂತ ಫೋನಲ್ಲಿ ಹೇಳಿದ್ರೆ ಅವಳಿಗೆ ತಾಗ್ತಿತ್ತಾ? ಬಂದು, ಇದ್ದು, ಉಂಡು, ಆಮೇಲೆ ಎದುರಿಗೇ ಕೇಳಿಸ್ಕೋಬೇಕಿತ್ತು."

ವಕೀಲರೊಬ್ಬರು, ಚಿಕ್ಕಮ್ಮ ಓದಿದ ಶಾಲೆಯ ದಾಖಲೆ ಹಿಡಿದು ಹೋರಾಡಬಹುದು ಎಂದರು. ಚಿಕ್ಕಮ್ಮ ಒಪ್ಪಲಿಲ್ಲ. "ಕೋರ್ಟಲ್ಲಿ ನಿಂತ್ಕೊಂಡು ಇವಳೇ ನನ್ನ ಹೆತ್ತಿದ್ದು ಅಂತ ಸಾಬೀತು ಮಾಡ್ಲಾ? ಬೇಡ ಪುಟ್ಟಿ. ಟಿಕೆಟ್ ಮಾಡ್ಸು."

ಉಳಿದ ದಿನಗಳಾದರೂ ನಮ್ಮ ಮನೆಯಲ್ಲಿರು ಎಂದು ಬೇಡಿಕೊಂಡರೂ ಅವಳು ಅಲ್ಲಿಂದ ಕದಲಲಿಲ್ಲ. ಪಾತ್ರೆ ತೊಳೆದಳು. ಅಜ್ಜಿಯ ಮಂಡಿಗೆ ಎಣ್ಣೆ ಹಚ್ಚಿದಳು. ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಾಗ ದಿವಾನದ ಹತ್ತಿರ ಹೋಗಿ ನಮಸ್ಕಾರಕ್ಕೆ ಬಗ್ಗಿದಳು. ಅಜ್ಜಿ ಎರಡೂ ಕಾಲನ್ನು ಮೇಲೆಳೆದುಕೊಂಡು ಸೀರೆಯೊಳಗೆ ಮುಚ್ಚಿಕೊಂಡಳು. ಚಿಕ್ಕಮ್ಮನ ಕೈ ಬರೀ ನೆಲ ಮುಟ್ಟಿತು. ಆ ಕೈಯನ್ನೇ ಕಣ್ಣಿಗೊತ್ತಿಕೊಂಡು ಎದ್ದಳು.

ಅವಳನ್ನು ವಿಮಾನ ಹತ್ತಿಸಿ, ಮರೆತುಹೋಗಿದ್ದ ಅವಳ ಶಾಲು ತರಲು ಸಂಜೆ ಆ ಮನೆಗೆ ಹೋಗಿದ್ದೆ. ಅಜ್ಜಿ ಟೀವಿಯ ಸದ್ದು ಕಡಿಮೆ ಮಾಡಿ ಹೇಳಿದಳು. "ಕೆಲಸಕ್ಕೆ ಯಾರಾದ್ರೂ ಇದ್ರೆ ನೋಡು. ಎಣ್ಣೆ ಹಚ್ಚೋ ಕೈ ಚೆನ್ನಾಗಿರ್ಬೇಕು, ಅವಳದ್ದಿತ್ತಲ್ಲ, ಹಾಗೆ."

ಆಮೇಲೆ ನಾನು ಆ ಮನೆಗೆ ಹೋಗಿಲ್ಲ. ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ ಎಂದು ಮಾವ ಹೇಳುತ್ತಾನೆ. ಚಿಕ್ಕಮ್ಮ ಕೊಲಂಬೋದಲ್ಲಿ ಮೈದುನನ ಮನೆಯ ಹಿಂದಿನ ರೂಮಿನಲ್ಲಿದ್ದಾಳೆ. ಭಾನುವಾರ ನಾನೇ ಫೋನ್ ಮಾಡುತ್ತೇನೆ. ಹೋದ ಹೊಸದರಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದಳು. ಈಗ ನಾನು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಅರ್ಧ ನನಗೆ ಅರ್ಥವಾಗುವುದಿಲ್ಲ. ಯಾಕೆ ಹೀಗೆ ಎಂದು ನಾನು ಕೇಳಿಲ್ಲ.