ಗಾಡಿಯ ಮಾಡಿಗೆ ಕಾವಲಿ ಕಟ್ಟಿದ ಬೀಗರು

ನಮ್ಮ ಬೀಗರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು, ಒತ್ತಿಟ್ಟ ಹಿಟ್ಟಿನ ಉಂಡೆಯ ಹಾಗೆ. ಮೂವತ್ತು ವರ್ಷ ಪೊಲೀಸ್ ವೈರ್‌ಲೆಸ್ಸಿನಲ್ಲಿ ಮೈಕಿನ ಗುಂಡಿ ಒತ್ತಿ ಒತ್ತಿ ಹಾಗಾದದ್ದು. ಬರಿಗೈಯಲ್ಲಿ ಕೂತು ಮಾತಾಡುವಾಗಲೂ ಮೊದಲು ಆ ಬೆರಳು ಮಡಿಸುತ್ತಿತ್ತು, ಬಾಯಿ ತೆರೆಯುವುದು ಆಮೇಲೆ. ನಾವು ಮಾತು ಮುಗಿಸಿದರೆ ಅವರು ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಇವರಿಗೆ ತಲೆ ಸ್ವಲ್ಪ ನಿಧಾನ ಎಂದುಕೊಂಡೆ. ಮಗನಿಗೆ ಹಾಗೇ ಹೇಳಿದ್ದೂ ಹೌದು.

ಅವರು ನನ್ನ ಸೊಸೆಯ ಅಪ್ಪ. ಮೈಸೂರಿನವರು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು, ಮೀನು ಮುಟ್ಟದವರು. ನಾನು ಗಂಗೊಳ್ಳಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು, ನಾಲ್ಕನೇ ಕ್ಲಾಸು. ಮಗ ಮೀನಿನ ದುಡ್ಡಿನಲ್ಲಿ ಓದಿ, ಬ್ಲೂ ಕಾರ್ಡ್ ಎನ್ನುವ ಕೆಲಸದ ವೀಸಾ ಹೊಸತಾಗಿ ಬಂದ ಕಾಲಕ್ಕೆ ಜರ್ಮನಿಯ ನೊಯ್‌ಬಿಬರ್ಗಿಗೆ ಕಂಪ್ಯೂಟರಿನ ಚಿಪ್ಪು ಮಾಡುವ ಕೆಲಸಕ್ಕೆ ಹೋದ. ಅಲ್ಲೇ ಈ ಮೈಸೂರು ಹುಡುಗಿಯನ್ನು ಕಂಡು ಮದುವೆಯಾದ. ಮದುವೆಯಲ್ಲಿ ಬೀಗರೂ ನಾನೂ ಆಡಿದ್ದು ನಾಲ್ಕು ಮಾತು. ಮೊಮ್ಮಗಳಿಗೆ ಆರು ವರ್ಷವಾದ ಬೇಸಿಗೆಯಲ್ಲಿ ಇಬ್ಬರಿಗೂ ಮೂರು ತಿಂಗಳ ವೀಸಾ ಒಟ್ಟಿಗೇ ಸಿಕ್ಕಿತು. ಅವರ ಹೆಂಡತಿ ತೀರಿಹೋಗಿದ್ದರು. ನನ್ನ ಗಂಡನಿಗೆ ವಿಮಾನವೆಂದರೆ ಹೆದರಿಕೆ. ಹಾಗಾಗಿ ಎರಡು ಕೋಣೆಯ ಆ ಮನೆಯಲ್ಲಿ ನಾವಿಬ್ಬರು ಮುದುಕರು ಎದುರುಬದುರು.

ಬೀಗರಿಗೆ ಒಳ್ಳೆಯ ಅಭ್ಯಾಸ ಇರಲಿಲ್ಲ ಎನ್ನಲಾರೆ. ಉಂಡ ತಟ್ಟೆ ತಾವೇ ತೊಳೆಯುತ್ತಿದ್ದರು. ಯಾರ ಮಾತಿಗೂ ಅಡ್ಡ ಬಾಯಿ ಹಾಕುತ್ತಿರಲಿಲ್ಲ. "ಇಬ್ರೂ ಒಟ್ಟಿಗೆ ಮಾತಾಡಿದ್ರೆ ಇಬ್ರದ್ದೂ ಕೇಳ್ಸಲ್ಲ ಬೀಗಿತ್ತಿಯವ್ರೇ" ಎನ್ನುತ್ತಿದ್ದರು. ನನ್ನ ಕಸುಬಿನಲ್ಲಿ ಹತ್ತು ಜನ ಒಟ್ಟಿಗೇ ಕೂಗಬೇಕು, ಅದರಲ್ಲಿ ಯಾರ ಗಂಟಲು ದೊಡ್ಡದೋ ಅವರ ಮೀನು ಹೋಗುತ್ತದೆ. ನಮಗೆ ಸರಿಹೊಂದುವುದು ಹೇಗೆ?

ಒಂದು ಭಾನುವಾರ ಹಳೆ ಸಾಮಾನಿನ ಸಂತೆಯಿಂದ ಒಂದು ಕಪ್ಪು ಡಬ್ಬಿ ಹಿಡಿದುಕೊಂಡು ಬಂದರು. ಸಿ.ಬಿ. ರೇಡಿಯೋ, ಲಾರಿಯವರು ಹೋಗುತ್ತ ಬರುತ್ತ ಒಬ್ಬರಿಗೊಬ್ಬರು ಮಾತಾಡುವ ಸೆಟ್ಟು. ಬಾಲ್ಕನಿಯಲ್ಲಿ ಕೂತು ಮೂರು ದಿನ ಬೆಸುಗೆ ಹಾಕಿದರು. ಆಗಸ್ಟಿನಲ್ಲಿ ವೋನ್‌ಮೊಬಿಲ್, ಅಂದರೆ ಅಡಿಗೆಮನೆ ಹಾಸಿಗೆ ಎಲ್ಲ ಇರುವ ದೊಡ್ಡ ಗಾಡಿ, ಬಾಡಿಗೆಗೆ ತೆಗೆದುಕೊಂಡು ಬಡಗಿನ ಸಮುದ್ರದ ತನಕ ಹೋಗುವುದೆಂದು ಮಗ ನಿಶ್ಚಯಿಸಿದ್ದ. ಬೀಗರು ಆ ಸೆಟ್ಟು ಗಾಡಿಯಲ್ಲಿ ಇರಬೇಕೆಂದು ಹಟ ಹಿಡಿದರು.

ಮಗ ನಕ್ಕ. "ಮಾವ, ನಾಲ್ಕ್ ಫೋನ್ ಇತ್ತ್. ಇದ್ರಲ್ಲಿ ಈಗ ಯಾರೂ ಮಾತಾಡುದಿಲ್ಲೆ."

ಬೀಗರು ಒಂದು ಉಸಿರು ಸುಮ್ಮನಿದ್ದು ಹೇಳಿದರು: "ಫೋನಲ್ಲಿ ನಂಬರ್ ಗೊತ್ತಿದ್ದೋರ ಹತ್ರ ಮಾತ್ರ ಮಾತಾಡ್ಬಹುದು. ಇದ್ರಲ್ಲಿ ಪಕ್ಕದಲ್ಲಿ ಯಾರಿದ್ರೂ ಸಾಕು."

"ಪಕ್ಕದಲ್ ಇಪ್ಪವ್ರನ್ನ ಕೂಗ್ರೆ ಸಾಕಲೆ" ಎಂದೆ ನಾನು. ಸೊಸೆಗೂ ನಗು ಬಂತು. ತಂದೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಸೆಟ್ಟು ಬಂದೇ ಬಂತು. ಹೊರಟ ಮೊದಲ ದಿನವೇ ಶುರು. ಅವರು ಕಂಟ್ರೋಲ್ ಅಂತೆ, ಪೊಲೀಸರ ಕಂಟ್ರೋಲ್ ರೂಮಿನ ಹಾಗೆ. ಪೊಲೀಸು ಠಾಣೆಯನ್ನು ಊರ ಹೆಸರಿನಿಂದ ಕರೆಯುವ ಹಾಗೆ ನನ್ನನ್ನು ಗಂಗೊಳ್ಳಿ ಎಂದು ಕರೆಯುತ್ತಾರಂತೆ. ಗುಂಡಿ ಒತ್ತಬೇಕು, ಒಂದು ಉಸಿರು ಬಿಡಬೇಕು, ಮಾತಾಡಬೇಕು, ಮುಗಿದರೆ ಓವರ್ ಎನ್ನಬೇಕು, ಗುಂಡಿ ಬಿಟ್ಟು ಕೇಳಬೇಕು. ಮೊಮ್ಮಗಳು ಕಲಿತಳು. ನಾನು ಪಾತ್ರೆ ತೊಳೆಯುತ್ತ "ಈ ಮಕ್ಕಳಾಟ್ಕೆ ನಾ ಬಪ್ಪುದಿಲ್ಲೆ" ಎಂದೆ. ಅವರು ಮುಂದಿನ ಸೀಟಿನಲ್ಲಿ ಕೂತು, ಎದುರಿಗೆ ಬರುವ ಲಾರಿಗಳ ತಲೆಯ ಮೇಲೆ ಉದ್ದ ಕಡ್ಡಿ ಇದೆಯೇ ಎಂದು ನೋಡುತ್ತಿದ್ದರು. ಕಡ್ಡಿ ಇದ್ದರೆ ಒಳಗೆ ಸೆಟ್ಟು ಇದೆ ಎಂದು ಅರ್ಥ. "ಅದಕ್ಕಿದೆ. ಇದಕ್ಕಿಲ್ಲ. ಅದಕ್ಕಿದೆ." ನನಗೆ ತಲೆ ಚಿಟ್ಟು ಹಿಡಿಯಿತು.

ಎರಡನೇ ದಿನ ಬೆಳಿಗ್ಗೆ ನೀರ್‌ದೋಸೆ ಹೊಯ್ಯಲು ಹೋದರೆ ಕಾವಲಿ ಇಲ್ಲ. ಗಂಗೊಳ್ಳಿಯಿಂದ ಸೀರೆಯಲ್ಲಿ ಸುತ್ತಿ ತಂದ ಬೀಡುಕಬ್ಬಿಣದ ಕಾವಲಿ, ಇಪ್ಪತ್ತು ವರ್ಷ ಎಣ್ಣೆ ಕುಡಿಸಿ ಪಳಗಿಸಿದ್ದು. ಹಾಸಿಗೆ ಕೆಳಗೆಲ್ಲ ಹುಡುಕಿದೆ. ಕಡೆಗೆ ಮೊಮ್ಮಗಳು ಮೇಲಕ್ಕೆ ಕೈ ತೋರಿಸಿ, "ಔಫ್ ಡೆಮ್ ಡಾಖ್, ಅಜ್ಜಿ" ಎಂದಳು. ಗಾಡಿಯ ಮಾಡಿನ ಮೇಲಂತೆ.

ಕೆಳಗಿಳಿದು ನೋಡಿದೆ. ಕಾವಲಿಯ ಎರಡು ಕಿವಿಗೆ ಹಗ್ಗ ಕಟ್ಟಿ ಮಾಡಿನ ಸರಳಿಗೆ ಬಿಗಿದಿದ್ದಾರೆ. ಅದರ ನಡುವೆ ಅವರ ಸೆಟ್ಟಿನ ಕಡ್ಡಿ, ಅಂದರೆ ಏರಿಯಲ್, ನಿಂತಿದೆ. ಏರಿಯಲ್ಲಿನ ಬುಡದಲ್ಲಿ ಅಯಸ್ಕಾಂತ, ಗಾಡಿಯ ಮಾಡು ಪ್ಲಾಸ್ಟಿಕ್ಕಿನದು. ಕಬ್ಬಿಣ ಇಲ್ಲದೆ ಅದು ಕೂರುವುದಿಲ್ಲವಂತೆ, ಕೂತರೂ ದನಿ ದೂರ ಹೋಗುವುದಿಲ್ಲವಂತೆ.

"ನಂಗೆ ಒಂದ್ ಮಾತ್ ಹೇಳುಕೆ ಆಯ್ಲಿಲ್ಯಾ?" ಎಂದು ಕೇಳಿದೆ.

"ಹೇಳಿದ್ರೆ ಕೊಡ್ತಿರ್ಲಿಲ್ಲ ನೀವು."

"ಮೀನ್ ಹುರಿದ ಕಾವಲಿ ಆದ್ರೆ ಮುಟ್ತಿದ್ರ್ಯಾ?"

ಬೆರಳು ಮಡಿಸಿದರು. "ಮುಟ್ತಿದ್ದೆ. ಕೈ ತೊಳ್ಕೊತಿದ್ದೆ."

ಆ ಪಾರ್ಕಿಂಗಿನಲ್ಲಿ ನಾನು ಆಡಿದ ಮಾತೆಲ್ಲ ಬರೆಯುವುದು ಬೇಡ. ಪಕ್ಕದ ಗಾಡಿಯವರು ಕಾಫಿ ಲೋಟ ಹಿಡಿದು ಹೊರಗೆ ಬಂದು ನಿಂತಿದ್ದರು. ಮಗ ನನ್ನ ಪಕ್ಷ ವಹಿಸಿ ಕಾವಲಿ ಬಿಚ್ಚಿ ಸೆಟ್ಟು ಪೆಟ್ಟಿಗೆಗೆ ಹಾಕೋಣ ಎಂದ. ಬೀಗರು ಮಧ್ಯಾಹ್ನದ ಊಟದ ತನಕ ಇರಲಿ ಎಂದು ಕೇಳಿಕೊಂಡರು. ಅಳಿಯನ ಎದುರು ಆ ಮನುಷ್ಯ ಕೇಳಿಕೊಂಡದ್ದು ಅದೊಂದೇ ಸಲ. ಮಗ ಒಪ್ಪಿದ. ನಾನು ಯಾರೊಂದಿಗೂ ಮಾತಾಡುವುದಿಲ್ಲ ಎಂದು ಹೇಳಿ ಹಿಂದಿನ ಹಾಸಿಗೆಗೆ ಹೋಗಿ ಪರದೆ ಎಳೆದುಕೊಂಡೆ. ಗಾಡಿ ಓಡುವಾಗ ಮಲಗಬಾರದು, ಪೊಲೀಸರು ದಂಡ ಹಾಕುತ್ತಾರೆ ಎಂದ ಮಗ. "ಪೊಲೀಸ್ ಮುಂದೇ ಕೂಕಂಡಿದ್ರಲೆ, ಅವ್ರಿಗೇ ಹೇಳ್" ಎಂದೆ. ಮಗ ಗಾಡಿ ಹೊರಡಿಸಿದ.

ಒಂದು ಗಂಟೆ ಕಳೆದು ರಸ್ತೆ ಬದಿಯ ತಂಗುದಾಣದಲ್ಲಿ ನಿಲ್ಲಿಸಿದರು. ಅಂಗಡಿ, ಪೆಟ್ರೋಲ್ ಬಂಕ್ ಏನೂ ಇಲ್ಲ, ಒಂದು ಪಾಯಿಖಾನೆ, ನಾಲ್ಕು ಬೆಂಚು, ಸಾಲಾಗಿ ಲಾರಿಗಳು. ಅವರೆಲ್ಲ ಇಳಿದು ಹೋಗಿ ಬಂದು ಬೆಂಚಿನಲ್ಲಿ ಕೂತರು. ನನ್ನನ್ನು ಯಾರೂ ಕರೆಯಲಿಲ್ಲ, ಕರೆದರೂ ನಾನು ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀರಿನ ಬಾಟಲಿ ಹಿಡಿದು, ಪರದೆ ಹಾಗೇ ಬಿಟ್ಟು, ಯಾರಿಗೂ ಹೇಳದೆ ಗಾಡಿಯ ಆಚೆ ಕಡೆಯಿಂದ ಸುತ್ತು ಹಾಕಿ ಪಾಯಿಖಾನೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಗಾಡಿ ನಿಂತಿದ್ದ ಜಾಗ ಖಾಲಿ.

ಆಮೇಲೆ ಸೊಸೆ ಹೇಳಿದಳು, ಹೊರಡುವ ಮುಂಚೆ ಅವಳು ಪರದೆಯ ತನಕ ಬಂದಿದ್ದಳಂತೆ. ಸಿಟ್ಟಿನಲ್ಲಿರುವ ಅತ್ತೆಯ ಪರದೆ ಎಳೆಯುವ ಧೈರ್ಯ ಬರಲಿಲ್ಲವಂತೆ. ನಾನೇ ಅವಳ ಜಾಗದಲ್ಲಿದ್ದರೂ ಎಳೆಯುತ್ತಿರಲಿಲ್ಲ.

ನನ್ನ ಫೋನು ಗಾಡಿಯಲ್ಲಿ ಚಾರ್ಜಿಗಿತ್ತು, ಪಾಸ್‌ಪೋರ್ಟು ಸೊಸೆಯ ಚೀಲದಲ್ಲಿ. ಮಗನ ನಂಬರು ಬಾಯಿಪಾಠ ಇಲ್ಲ, ಮನೆಯ ವಿಳಾಸ ಗೊತ್ತಿಲ್ಲ, ನಾವಿರುವ ಜಾಗದ ಹೆಸರೂ ಗೊತ್ತಿಲ್ಲ. ಜರ್ಮನ್ನಿನಲ್ಲಿ ಬರುತ್ತಿದ್ದದ್ದು ಡಾಂಕೆ ಮತ್ತು ನೈನ್, ಥ್ಯಾಂಕ್ಸು ಮತ್ತು ಬೇಡ, ಅಷ್ಟೇ. ಪರದೆ ಎಳೆದೇ ಇದೆ. ಊಟಕ್ಕೆ ನಿಲ್ಲಿಸುವ ತನಕ ಯಾರೂ ನೋಡುವುದಿಲ್ಲ. ಅಷ್ಟರಲ್ಲಿ ಇನ್ನೂರು ಕಿಲೋಮೀಟರು ಹೋಗಿರುತ್ತಾರೆ. ನಡುವೆ ಇಂಥ ತಂಗುದಾಣ ಎಷ್ಟು, ನಾನು ಯಾವುದರಲ್ಲಿ ಇಳಿದೆ ಎಂದು ಯಾರಿಗೆ ಗೊತ್ತು? ಬೆಂಚಿನಲ್ಲಿ ಕೂತೆ. ಕೂತರೆ ಕೆಲಸ ಆಗುವುದಿಲ್ಲ ಎಂದು ಎದ್ದೆ.

ಆಗ ಲಾರಿಗಳ ಸಾಲು ಕಣ್ಣಿಗೆ ಬಿತ್ತು. ನನಗೇ ಗೊತ್ತಿಲ್ಲದೆ ಎಣಿಸುತ್ತಿದ್ದೆ. ಇದಕ್ಕಿಲ್ಲ. ಇದಕ್ಕಿಲ್ಲ. ಇದಕ್ಕೂ ಇಲ್ಲ. ಆರನೆಯದಕ್ಕೆ ಕಡ್ಡಿ ಇತ್ತು.

ಮೆಟ್ಟಿಲು ಹತ್ತಿ ಕಿಟಕಿ ಬಡಿದೆ. ಯಾವ ದೇಶದವನೋ, ದೊಡ್ಡ ಹೊಟ್ಟೆಯ ಡ್ರೈವರು, ರೊಟ್ಟಿ ತಿನ್ನುತ್ತಿದ್ದ. ಸೀರೆ ಉಟ್ಟ ಮುದುಕಿಯನ್ನು ಕಂಡು ರೊಟ್ಟಿ ಕೆಳಗಿಟ್ಟ. ನಾನು ಕಡ್ಡಿ ತೋರಿಸಿದೆ, ಬಾಯಿ ತೋರಿಸಿದೆ, ರಸ್ತೆ ತೋರಿಸಿದೆ, ಗಾಡಿ ಹೋಯಿತು ಎಂದು ಕೈ ಬೀಸಿದೆ. ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಬಾಗಿಲು ತೆಗೆದು ಮೈಕನ್ನು ನನ್ನ ಕೈಗೆ ಕೊಟ್ಟ. ಲಾರಿಯವರೆಲ್ಲ ಇರುವುದು ಒಂಬತ್ತನೇ ಚಾನೆಲಿನಲ್ಲಿ, ನಮ್ಮ ಬೀಗರೂ ಅಲ್ಲೇ ಇಟ್ಟಿದ್ದರು. ಗುಂಡಿ ಹೇಗೆ ಒತ್ತುವುದೆಂದು ತೋರಿಸಲು ಬಂದವನ ಕೈ ತಳ್ಳಿದೆ.

ಒತ್ತಿದೆ. ಉಸಿರು ಬಿಟ್ಟೆ. "ಕಂಟ್ರೋಲ್, ಗಂಗೊಳ್ಳಿ. ನನ್ನ ಬಿಟ್ಟಿಕ್ ಹೋಯ್ದ್ರಿ. ಓವರ್."

ಬರೀ ಗರಗರ. ಇನ್ನೊಮ್ಮೆ ಹೇಳಿದೆ. ಗರಗರ.

ಅತ್ತ ಗಾಡಿಯಲ್ಲಿ ಏನಾಗಿತ್ತೆಂದು ಮಗ ಆಮೇಲೆ ಹೇಳಿದ. ರಸ್ತೆ ರಿಪೇರಿ ನಡೆದು ಗಾಡಿಗಳೆಲ್ಲ ಆಮೆಯ ಹಾಗೆ ಹೋಗುತ್ತಿದ್ದವು, ಆದ್ದರಿಂದ ಏಳೆಂಟು ಕಿಲೋಮೀಟರು ಮಾತ್ರ ದಾಟಿದ್ದರು. ಆ ಸದ್ದು ಸಾಕು, ಆಫ್ ಮಾಡಿ ಎಂದು ಮಗ ಬೀಗರಿಗೆ ಎರಡು ಸಲ ಹೇಳಿದ್ದ. ಅವರು ಆಫ್ ಮಾಡಲಿಲ್ಲ, ಸದ್ದು ಇಳಿಸಿ ಕಿವಿಯನ್ನು ಡಬ್ಬಿಗೆ ತಾಗಿಸಿ ಕೂತರು. ಜಗಳದ ದೆಸೆಯಿಂದ ಗಾಡಿಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ. ಇಲ್ಲವಾದರೆ ಕೇಳಿಸುತ್ತಲೇ ಇರಲಿಲ್ಲ. ಬೀಗರು ತಟಕ್ಕನೆ ಕೈ ಎತ್ತಿ, "ನಿಮ್ಮಮ್ಮ ಮಾತಾಡ್ತಿದ್ದಾರೆ" ಎಂದರಂತೆ. "ಅಬ್ಬಿ ಹಿಂದೆ ಮಲ್ಗಿತ್ತಲೆ ಮಾವ" ಎಂದನಂತೆ ಇವನು. ಸೊಸೆ ಎದ್ದು ಪರದೆ ಎಳೆದರೆ ಕಂಬಳಿಯ ರಾಶಿ.

ಮೂರನೆಯ ಸಲ ಗುಂಡಿ ಬಿಟ್ಟಾಗ ಗರಗರದ ಒಳಗಿನಿಂದ ಆ ನಿಧಾನದ ದನಿ ಬಂತು.

"ಗಂಗೊಳ್ಳಿ, ಕಂಟ್ರೋಲ್. ದನಿ ಚೆನ್ನಾಗಿ ಬರ್ತಿದೆ. ಪೆಟ್ಟೇನೂ ಆಗಿಲ್ವಲ್ಲ? ಓವರ್."

"ಇಲ್ಲೆ."

"ನಿಂತಿದ್ದ ಜಾಗದಲ್ಲೇ ಇದ್ದೀರಾ? ಓವರ್."

"ಅಲ್ಲೇ ಲಾರಿಯೊಳ್ಗೆ ಇದ್ದೆ. ಬೇಗ ಬನ್ನಿ. ಓವರ್."

ಎಲ್ಲಿಗೆ ಹೋದಿರಿ, ಯಾಕೆ ಹೇಳಲಿಲ್ಲ, ಒಂದೂ ಕೇಳಲಿಲ್ಲ. ಹೇಳಿದ್ದು ಇಷ್ಟು: "ತಿರುಗಿ ಬರೋ ದಾರಿ ಇನ್ನೂ ಹನ್ನೊಂದು ಕಿಲೋಮೀಟರ್ ಮುಂದಿದೆ. ಹೋಗ್ತಾ ಹೋಗ್ತಾ ನನ್ನ ದನಿ ಸಣ್ಣದಾಗುತ್ತೆ, ಆಮೇಲೆ ನಿಂತೋಗುತ್ತೆ. ನಿಂತ್ರೆ ನಾವು ಸರಿಯಾದ ದಾರೀಲಿದ್ದೀವಿ ಅಂತ ತಿಳ್ಕೊಳಿ. ಮತ್ತೆ ಬರುತ್ತೆ. ಓವರ್."

ಹೇಳಿದ ಹಾಗೇ ಆಯಿತು. ದನಿ ಸಣ್ಣದಾಯಿತು, ಸೊಳ್ಳೆಯಷ್ಟಾಯಿತು, ಹೋಯಿತು. ಡ್ರೈವರು ಕಾಫಿ ಕೊಟ್ಟ, ಕುಡಿದೆ. ಹೆದರಿಕೆ ಆಗಲಿಲ್ಲ. ಆ ಮನುಷ್ಯ ಮೊದಲೇ ಹೇಳಿ ಹೋಗಿದ್ದರು. ಗಡಿಯಾರದಲ್ಲಿ ಅರ್ಧ ಗಂಟೆ ಆಗುವಷ್ಟರಲ್ಲಿ ಗರಗರದ ನಡುವೆ ಸೊಳ್ಳೆ ಮತ್ತೆ ಬಂತು. ದೊಡ್ಡದಾಯಿತು. "ಗಂಗೊಳ್ಳಿ, ಕಂಟ್ರೋಲ್. ಈಗ ನಿಮ್ಮ ಎದುರು ರಸ್ತೇಲಿ ಹೋಗ್ತೀವಿ. ನಿಲ್ಲಿಸೋಕಾಗಲ್ಲ, ಮುಂದೆ ಹೋಗಿ ತಿರುಗ್ಬೇಕು. ಕೈ ಬೀಸಿ."

ನೋಡಿದರೆ ಬೇಲಿಯಾಚೆ, ಆ ಕಡೆಯ ರಸ್ತೆಯಲ್ಲಿ, ನನ್ನ ಕಾವಲಿ ತಲೆಯ ಮೇಲೆ ಹೊತ್ತುಕೊಂಡು ಗಾಡಿ ಹೋಗುತ್ತಿದೆ. ನಾನು ಲಾರಿಯ ಮೆಟ್ಟಿಲ ಮೇಲೆ ನಿಂತು ಸೆರಗು ಬೀಸಿದೆ. ಡ್ರೈವರು ಹಾರ್ನ್ ಒತ್ತಿದ. ಸಾಲಿನಲ್ಲಿದ್ದ ಉಳಿದ ಲಾರಿಯವರೂ ಒತ್ತಿದರು.

ಗಾಡಿ ತಿರುಗಿ ಬಂದಾಗ ಮಗ ಅಳುತ್ತಿದ್ದ, ಅಳುತ್ತಲೇ "ಅಬ್ಬೀ, ಹೇಳ್ದೆ ಎಲ್ ಹೋಯ್ದೆ?" ಎಂದು ಶುರು ಮಾಡಿದ. ಬೀಗರು ಕೈ ಅಡ್ಡ ಹಿಡಿದು, "ಊಟ ಮಾಡೋಣ, ಅವರಿಗೆ ಹಸಿವಾಗಿರುತ್ತೆ" ಎಂದರು. ಊಟ ಮುಗಿಯಿತು. ಮಗ ಕಾವಲಿ ಬಿಚ್ಚಲು ಏಣಿ ಹತ್ತಿದ.

"ಇಳಿ ಕೆಳ್ಗೆ. ಅದ್ ಅಲ್ಲೇ ಇರ್ಲಿ" ಎಂದೆ ನಾನು.

ಅವರಿಗೆ ಹೇಳಿದ ಥ್ಯಾಂಕ್ಸು ಅಷ್ಟೇ. ಅವರು ಒಂದು ಉಸಿರು ಸುಮ್ಮನಿದ್ದರು. "ಸರಿ, ಗಂಗೊಳ್ಳಿ" ಎಂದರು.

ಮತ್ತೆ ರಸ್ತೆಗೆ ಬಿದ್ದಾಗ ಸೆಟ್ಟಿನಲ್ಲಿ ಯಾರೋ ಏನೋ ಜರ್ಮನ್ನಿನಲ್ಲಿ ಹೇಳಿ ಕಡೆಗೆ "ಗಂಗೊಲ್ಲಿ" ಎಂದ. ಇನ್ನೊಬ್ಬ ನಕ್ಕು "ಗಂಗೊಲ್ಲಿ, ಗಂಗೊಲ್ಲಿ" ಎಂದ. ಹೊಟ್ಟೆಯ ಡ್ರೈವರು ಎಲ್ಲರಿಗೂ ಸಾರಿದ್ದಿರಬೇಕು. ಸಂಜೆಯ ತನಕ, ಎದುರಿಗೆ ಬರುವ ಲಾರಿಯವರು ಕಾವಲಿ ಕಂಡ ಕೂಡಲೇ ನಮ್ಮ ಊರಿನ ಹೆಸರು ಕೂಗುತ್ತಿದ್ದರು. ಮೊಮ್ಮಗಳು ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು. ಬೀಗರ ಮುಖ ನೋಡಬೇಕಿತ್ತು. ಪೊಲೀಸ್ ಇಲಾಖೆ ಮೆಡಲು ಕೊಟ್ಟ ದಿನವೂ ಅವರು ಹಾಗೆ ಕೂತಿರಲಿಲ್ಲ ಎಂದು ಸೊಸೆ ಹೇಳಿದಳು. ಆ ಪ್ರವಾಸ ಪೂರ್ತಿ ನಾನು ತೆಳು ಬಾಣಲೆಯಲ್ಲಿ ನೀರ್‌ದೋಸೆ ಹೊಯ್ದೆ. ಒಂದೂ ಸರಿಯಾಗಿ ಏಳಲಿಲ್ಲ, ಎಲ್ಲರೂ ಚೂರು ತಿಂದರು.

ತಿರುಗಿ ಮಗನ ಮನೆಗೆ ಮುಟ್ಟಿದ ಮೇಲೆ ಬೀಗರು ಈ ಕಥೆಯನ್ನು ಯಾರಿಗೂ ಹೇಳಲಿಲ್ಲ. ನನಗೆ ಅವಮಾನ ಆಗಬಾರದೆಂದು. ನಾನೇ ಹೇಳಿದೆ. ಮಗನ ಜೊತೆ ಚಿಪ್ಪು ಮಾಡುವ ಹುಡುಗರು ಶನಿವಾರ ಮನೆಗೆ ಬಂದು, ಹೆಡ್ ಕಾನ್‌ಸ್ಟೇಬಲ್ಲಿನ ಎದುರು ನೆಲದಲ್ಲಿ ಕೂತು, ಕಾವಲಿ ಯಾಕೆ ಬೇಕಾಯಿತು ಎಂದು ಕೇಳಿ ಬರೆದುಕೊಂಡರು. ಮಗ ಅವರಿಗೆ ಚಹಾ ತಂದುಕೊಟ್ಟ.

ನಾಲ್ಕು ವರ್ಷದ ಮೇಲೆ ಬೀಗರು ಮೈಸೂರಿನಲ್ಲಿ ನಿದ್ದೆಯಲ್ಲೇ ಹೋದರು. ಹನ್ನೊಂದನೆಯ ದಿನಕ್ಕೆ ನಾನು ಬಸ್ಸು ಹತ್ತಿ ಹೋದೆ. ಬಡಿಸುವವರು ಬರುವ ಮುಂಚೆ ಯಾರ್ಯಾರೋ ಎದ್ದು ಒಳ್ಳೆಯ ಮನುಷ್ಯ, ಸಾಧು ಮನುಷ್ಯ ಎಂದರು. ನಾನೂ ಎದ್ದೆ. ಸಾಧು ಅಲ್ಲ, ಕೇಳದೆ ಕಾವಲಿ ತೆಗೆದವರು ಎಂದು ಶುರು ಮಾಡಿ ಪೂರ್ತಿ ಹೇಳಿದೆ. ಅವರ ಜೊತೆ ವೈರ್‌ಲೆಸ್ಸಿನಲ್ಲಿದ್ದ ಮುದುಕರು ಸಾವಿನ ಮನೆಯಲ್ಲಿ ಚಪ್ಪಾಳೆ ತಟ್ಟಿದರು.

ನೊಯ್‌ಬಿಬರ್ಗಿನ ಕನ್ನಡದ ಹುಡುಗರು ಈಗಲೂ ಬೇಸಿಗೆಯಲ್ಲಿ ವೋನ್‌ಮೊಬಿಲ್ ಹಿಡಿಯುತ್ತಾರೆ. "ಅಜ್ಜಿ, ಸಿ.ಬಿ. ಸೆಟ್ ತಗೊಂಡು ಹೋಗ್ಬೇಕಾ, ಫೋನ್ ಸಾಕಾ?" ಎಂದು, ನಾನು ಮಗನಲ್ಲಿಗೆ ಹೋದಾಗಲೆಲ್ಲ, ನನ್ನನ್ನೇ ಕೇಳುತ್ತಾರೆ. ನಿಮ್ಮಲ್ಲಿ ಬಾಯಿ ಮುಚ್ಚಿ ಕೂತು ಕೇಳುವವರು ಯಾರು ಎಂದು ನಾನು ಕೇಳುತ್ತೇನೆ. ಎಲ್ಲರೂ ಒಟ್ಟಿಗೇ ಉತ್ತರ ಕೊಡಲು ಶುರು ಮಾಡುತ್ತಾರೆ. ಹಾಗಾದರೆ ಬೇಡ, ಭಾರ ದಂಡ ಎನ್ನುತ್ತೇನೆ.

ನಮ್ಮ ಗಾಡಿಯಲ್ಲಿ ಬೀಗರ ಸೆಟ್ಟು ಇರುತ್ತದೆ. ಮುಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ಯಾರ್ಯಾರೋ ನನಗೆ ತಿಳಿಯದ ಭಾಷೆಯಲ್ಲಿ ಏನೇನೋ ಹೇಳುತ್ತಿರುತ್ತಾರೆ. ಅಡ್ಡ ಬಾಯಿ ಹಾಕದೆ ಕೇಳುತ್ತೇನೆ.